ಪೆಟ್ರೋಲ್ ಹಾಕಿಸಿದರೂ ಮುಳ್ಳು ಏರಲಿಲ್ಲವೇ? ಪಂಪಿನವರನ್ನು ದೂರುವ ಮೊದಲು ಹಳೆಯ ಗಾಡಿಯ ಫ್ಯುಯೆಲ್ ಮೀಟರ್ ಪರೀಕ್ಷಿಸಿ

"ಐದು ಲೀಟರ್ ಪೆಟ್ರೋಲ್ ಹಾಕಿಸಿದೆ, ಮೀಟರಿನ ಮುಳ್ಳು ಒಂದು ಗೆರೆಯೂ ಏರಲಿಲ್ಲ. ಈ ಪಂಪಿನಲ್ಲಿ ಮೋಸ ನಡೆಯುತ್ತಿದೆ. ನಿಮ್ಮ ಗುಂಪುಗಳಿಗೆಲ್ಲ ಕಳುಹಿಸಿ." ಈ ಧಾಟಿಯ ಸಂದೇಶ, ಜೊತೆಗೆ ಡ್ಯಾಶ್‌ಬೋರ್ಡಿನ ಒಂದು ಫೋಟೊ, ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಫೋಟೊ ನಿಜವೇ ಇರುತ್ತದೆ. ಮುಳ್ಳು ಏರದೇ ಇದ್ದದ್ದೂ ನಿಜವೇ ಇರುತ್ತದೆ. ಆದರೆ ಅದರಿಂದ ಪಂಪಿನಲ್ಲಿ ಮೋಸ ಆಗಿದೆ ಎಂದು ತೀರ್ಮಾನಿಸಬಹುದೇ?

ಇಲ್ಲ. ಫ್ಯುಯೆಲ್ ಮೀಟರ್ ಲೀಟರ್ ಅಳೆಯುವ ಸಾಧನವಲ್ಲ. ಟ್ಯಾಂಕಿನೊಳಗೆ ತೇಲುವ ಒಂದು ಸಣ್ಣ ಫ್ಲೋಟ್ ಎಷ್ಟು ಎತ್ತರದಲ್ಲಿದೆ ಎಂಬುದನ್ನಷ್ಟೇ ಅದು ಹೇಳುತ್ತದೆ. ಹದಿನೈದು, ಇಪ್ಪತ್ತು ವರ್ಷ ಓಡಿದ ಗಾಡಿಯಲ್ಲಿ ಆ ಫ್ಲೋಟ್, ಅದರ ವಯರ್, ಮೀಟರ್ ಈ ಮೂರರಲ್ಲಿ ಯಾವುದು ಬೇಕಾದರೂ ಕೆಟ್ಟಿರಬಹುದು. ಒಳ್ಳೆಯ ಸುದ್ದಿ ಎಂದರೆ, ಯಾವುದು ಕೆಟ್ಟಿದೆ ಎಂದು ಪತ್ತೆ ಮಾಡುವುದು ಕಷ್ಟವಲ್ಲ. ಅದನ್ನು ಹಂತ ಹಂತವಾಗಿ ನೋಡೋಣ.

ಯಡೂರಿನ ಕಡೆ ಇದು ಯಾಕೆ ಸಣ್ಣ ವಿಷಯವಲ್ಲ?

ಚಿಕ್ಕೋಡಿ ತಾಲೂಕಿನ ಯಡೂರು ಕೃಷ್ಣಾ ನದಿಯ ದಂಡೆಯ ಮೇಲಿನ ಊರು. ವೀರಭದ್ರ ದೇವರ ದರ್ಶನಕ್ಕೆ ಕರ್ನಾಟಕದಿಂದಲೂ ಮಹಾರಾಷ್ಟ್ರದಿಂದಲೂ ಜನ ಬರುತ್ತಾರೆ. ಸುತ್ತಲೂ ಕಬ್ಬಿನ ಗದ್ದೆ. ಹಳೆಯ ಓಮ್ನಿ, ಮಾರುತಿ 800, ಟ್ರ್ಯಾಕ್ಸ್, ಜೀಪು, ಬೈಕು, ಟ್ರ್ಯಾಕ್ಟರ್‌ಗಳು ಇಂಥ ಊರುಗಳಲ್ಲಿ ಇನ್ನೂ ದುಡಿಯುತ್ತಿವೆ. ಮಾರುತಿ 800 ಕಾರಿನ ತಯಾರಿಕೆ 2014ರಲ್ಲೇ ನಿಂತಿತು. ಹಾಗಾಗಿ ಇಂದು ರಸ್ತೆಯ ಮೇಲಿರುವ ಅತಿ ಹೊಸ 800 ಕೂಡ ಹಳೆಯ ಗಾಡಿಯೇ.

ಮಳೆಗಾಲದಲ್ಲಿ ನದಿ ಏರಿದಾಗ ಕಲ್ಲೋಳ–ಯಡೂರು ನಡುವಿನ ತಗ್ಗಿನ ಸೇತುವೆ ನೀರಿನಲ್ಲಿ ಮುಳುಗುತ್ತದೆ. ಆಗ ಸುತ್ತು ಹಾಕಿಕೊಂಡು ಹೋಗಬೇಕು. ಮುಳ್ಳು ಕಾಲು ಟ್ಯಾಂಕ್ ತೋರಿಸುತ್ತಿದೆ ಎಂದು ನಂಬಿ ಹೊರಟು, ನಿಜವಾಗಿ ಟ್ಯಾಂಕಿನಲ್ಲಿ ಎರಡೇ ಲೀಟರ್ ಇದ್ದರೆ? ರಾತ್ರಿ ಹೊತ್ತು ಗಾಡಿ ನಡುದಾರಿಯಲ್ಲಿ ನಿಲ್ಲುತ್ತದೆ. ಕಬ್ಬಿನ ಹಂಗಾಮಿನಲ್ಲಿ ಲೋಡ್ ತುಂಬಿದ ಟ್ರ್ಯಾಕ್ಟರ್‌ಗಳು ಓಡಾಡುವ ಕಿರಿದಾದ ರಸ್ತೆಯಲ್ಲಿ ದೀಪವಿಲ್ಲದೆ ನಿಂತ ಗಾಡಿ ಜೀವಕ್ಕೇ ಅಪಾಯ. ಬಾಣಂತಿಯನ್ನೋ ರೋಗಿಯನ್ನೋ ಚಿಕ್ಕೋಡಿಗೆ ಕರೆದೊಯ್ಯುವಾಗ ಹೀಗಾದರೆ ಏನು ಗತಿ ಎಂದು ಹೇಳಬೇಕಾಗಿಲ್ಲ.

ಮುಳ್ಳು ಕಡಿಮೆ ತೋರಿಸುವ ದೋಷಕ್ಕೆ ಜಗಳ ಆಗುತ್ತದೆ. ಹೆಚ್ಚು ತೋರಿಸುವ ದೋಷಕ್ಕೆ ಗಾಡಿ ನಿಲ್ಲುತ್ತದೆ. ಎರಡನೆಯದು ಹೆಚ್ಚು ಅಪಾಯಕಾರಿ, ಆದರೆ ಅದರ ಬಗ್ಗೆ ಯಾರೂ ಫಾರ್ವರ್ಡ್ ಕಳುಹಿಸುವುದಿಲ್ಲ.

ಮುಳ್ಳು ಏರುವುದು ಹೇಗೆ?

ಟ್ಯಾಂಕಿನ ಒಳಗೆ ಒಂದು ಭಾಗ ಇರುತ್ತದೆ. ಗ್ಯಾರೇಜಿನವರು ಇದನ್ನು ಟ್ಯಾಂಕ್ ಯೂನಿಟ್ ಅಥವಾ ಫ್ಲೋಟ್ ಯೂನಿಟ್ ಎನ್ನುತ್ತಾರೆ. ಇದರಲ್ಲಿ ಒಂದು ಉದ್ದನೆಯ ತಂತಿಯ ತೋಳು, ತೋಳಿನ ತುದಿಗೆ ಫ್ಲೋಟ್. ಮನೆಯ ಮೇಲಿನ ನೀರಿನ ಟ್ಯಾಂಕಿನಲ್ಲಿ ಬಾಲ್‌ಕಾಕ್ ಮೇಲೆ ಕೆಳಗೆ ಆಡುತ್ತದಲ್ಲ, ಹಾಗೆಯೇ ಇದು ಪೆಟ್ರೋಲಿನ ಮೇಲೆ ತೇಲುತ್ತದೆ.

ತೋಳಿನ ಇನ್ನೊಂದು ತುದಿ ಒಂದು ರೆಸಿಸ್ಟರ್ ಮೇಲೆ ಉಜ್ಜುತ್ತಾ ಸರಿಯುತ್ತದೆ. ಹಳೆಯ ಫ್ಯಾನ್ ರೆಗ್ಯುಲೇಟರ್ ತಿರುಗಿಸಿದಂತೆ, ತೋಳು ಸರಿದಂತೆಲ್ಲ ವಿದ್ಯುತ್ತಿಗೆ ಎದುರಾಗುವ ತಡೆ ಹೆಚ್ಚು ಕಡಿಮೆ ಆಗುತ್ತದೆ. ಬ್ಯಾಟರಿಯ ಕರೆಂಟ್ ಡ್ಯಾಶ್‌ಬೋರ್ಡಿನ ಮೀಟರ್ ಮೂಲಕ ಹಾದು, ಒಂದು ವಯರಿನಲ್ಲಿ ಟ್ಯಾಂಕ್ ಯೂನಿಟ್‌ಗೆ ಬಂದು, ಅಲ್ಲಿಂದ ಗಾಡಿಯ ಬಾಡಿಗೆ, ಅಂದರೆ ಅರ್ಥ್‌ಗೆ ಸೇರುತ್ತದೆ. ತಡೆ ಬದಲಾದರೆ ಕರೆಂಟ್ ಬದಲಾಗುತ್ತದೆ, ಕರೆಂಟ್ ಬದಲಾದರೆ ಮುಳ್ಳು ಚಲಿಸುತ್ತದೆ.

ಇಲ್ಲಿ ಒಂದು ಮಾತು ನೆನಪಿಡಿ. ಎಲ್ಲ ಗಾಡಿಗಳ ಲೆಕ್ಕ ಒಂದೇ ಅಲ್ಲ. ಜಪಾನಿ ತಂತ್ರಜ್ಞಾನದ ಅನೇಕ ಕಾರುಗಳಲ್ಲಿ ಟ್ಯಾಂಕ್ ತುಂಬಿದಾಗ ತಡೆ ಕಡಿಮೆ, ಖಾಲಿಯಾದಾಗ ಸುಮಾರು ನೂರು ಓಮ್. ಯುರೋಪಿನ ಒಂದು ಪ್ರಸಿದ್ಧ ಪದ್ಧತಿಯಲ್ಲಿ ಇದು ತಿರುವುಮುರುವು: ಖಾಲಿ ಇದ್ದಾಗ 10 ಓಮ್, ತುಂಬಿದಾಗ 180 ಓಮ್. ಆದ್ದರಿಂದಲೇ ಬೇರೆ ಕಂಪನಿಯ ಟ್ಯಾಂಕ್ ಯೂನಿಟ್ ತಂದು ಕೂರಿಸಿದರೆ ಮುಳ್ಳು ಉಲ್ಟಾ ಆಡುವುದುಂಟು. ಗುಜರಿಯಿಂದ ತಂದ ಮೀಟರ್ ಹಾಕಿಸಿದ ಮೇಲೆ ತೊಂದರೆ ಶುರುವಾಗಿದ್ದರೆ ಮೊದಲು ಇದನ್ನೇ ಅನುಮಾನಿಸಿ.

ಸರಿಯಿರುವ ಮೀಟರೂ ಲೀಟರ್ ಲೆಕ್ಕ ಕೊಡುವುದಿಲ್ಲ

ದೋಷವೇ ಇಲ್ಲದ ಮೀಟರಿನಲ್ಲೂ ನಾಲ್ಕು ವಿಚಿತ್ರಗಳು ಕಾಣಿಸುತ್ತವೆ. ಇವನ್ನು ದೋಷ ಎಂದು ತಿಳಿದು ಹಣ ಕಳೆದುಕೊಳ್ಳಬೇಡಿ.

ಒಂದು, ಫುಲ್‌ನಿಂದ ಮುಳ್ಳು ಬೇಗ ಇಳಿಯುವುದೇ ಇಲ್ಲ. ಟ್ಯಾಂಕನ್ನು ಬಾಯಿವರೆಗೂ ತುಂಬಿಸಿದಾಗ ಫ್ಲೋಟ್ ತನ್ನ ಮೇಲಿನ ತುದಿ ಮುಟ್ಟಿದ ಮೇಲೂ ಪೆಟ್ರೋಲ್ ಏರಿರುತ್ತದೆ. ಆ ಹೆಚ್ಚುವರಿ ಪೆಟ್ರೋಲ್ ಖಾಲಿಯಾಗುವವರೆಗೆ ಮುಳ್ಳು ಅಲುಗುವುದಿಲ್ಲ.

ಎರಡು, ಮೇಲಿನ ಅರ್ಧ ಹೆಚ್ಚು ದಿನ ಬರುತ್ತದೆ, ಕೆಳಗಿನ ಅರ್ಧ ಬೇಗ ಮುಗಿಯುತ್ತದೆ. ಟ್ಯಾಂಕ್ ಚೌಕ ಡಬ್ಬಿಯಲ್ಲ, ಗಾಡಿಯ ಕೆಳಗೆ ಜಾಗ ಇದ್ದಂತೆ ಮಾಡಿದ ಅಂಕುಡೊಂಕು ಪಾತ್ರೆ. ಎತ್ತರ ಅರ್ಧ ಆದ ಮಾತ್ರಕ್ಕೆ ಪೆಟ್ರೋಲ್ ಅರ್ಧ ಆಗಬೇಕೆಂದಿಲ್ಲ.

ಮೂರು, ಏರಿನಲ್ಲಿ ಒಂದು, ಇಳಿಜಾರಿನಲ್ಲಿ ಇನ್ನೊಂದು. ಪೆಟ್ರೋಲ್ ಹಿಂದಕ್ಕೋ ಮುಂದಕ್ಕೋ ಸರಿದಾಗ ಫ್ಲೋಟ್ ಅದರೊಂದಿಗೆ ಏರಿಳಿಯುತ್ತದೆ. ಸೈಡ್ ಸ್ಟ್ಯಾಂಡ್ ಮೇಲೆ ನಿಂತ ಬೈಕಿನಲ್ಲೂ ಇದೇ ಕಥೆ. ಮೀಟರ್ ಓದಬೇಕಾದರೆ ಗಾಡಿ ಸಮತಟ್ಟು ಜಾಗದಲ್ಲಿ ನೇರವಾಗಿ ನಿಂತಿರಬೇಕು.

ನಾಲ್ಕು, ಕೀ ತೆಗೆದರೂ ಮುಳ್ಳು ಕೆಳಗೆ ಬೀಳುವುದಿಲ್ಲ, ಪೆಟ್ರೋಲ್ ಹಾಕಿಸಿದ ತಕ್ಷಣ ಏರುವುದೂ ಇಲ್ಲ. ಗಾಡಿ ಕುಲುಕಿದಾಗೆಲ್ಲ ಮುಳ್ಳು ಕುಣಿಯಬಾರದೆಂದು ಅನೇಕ ಮೀಟರುಗಳನ್ನು ಬೇಕೆಂದೇ ನಿಧಾನ ಮಾಡಿರುತ್ತಾರೆ. ಇನ್ನು ಕೆಲವು ಹಳೆಯ ಮೀಟರುಗಳು ಬಿಸಿಯಾಗಿ ಬಾಗುವ ಲೋಹದ ಪಟ್ಟಿಯಿಂದ ಕೆಲಸ ಮಾಡುತ್ತವೆ; ಅವು ಬಿಸಿಯಾಗಲು ಸಮಯ ಬೇಕು. ಪಂಪಿನಲ್ಲಿ ಕೀ ಹಾಕಿದ ಮರುಕ್ಷಣ ತೆಗೆದ ಫೋಟೊ ಏನನ್ನೂ ಸಾಬೀತು ಮಾಡದಿರಲು ಇದೂ ಒಂದು ಕಾರಣ. ಒಂದೆರಡು ನಿಮಿಷ ಕಾದು ನೋಡಿ.

ಲಕ್ಷಣ ನೋಡಿ ದೋಷ ಊಹಿಸಿ

ಉಪಕರಣ ಹಿಡಿಯುವ ಮೊದಲು ಮುಳ್ಳಿನ ನಡವಳಿಕೆ ಗಮನಿಸಿ. ಅರ್ಧ ಉತ್ತರ ಅಲ್ಲಿಯೇ ಸಿಗುತ್ತದೆ.

• ಫ್ಯುಯೆಲ್ ಮೀಟರ್ ಜೊತೆಗೆ ಟೆಂಪರೇಚರ್ ಮೀಟರ್ ಕೂಡ ತಪ್ಪು ತೋರಿಸುತ್ತಿದ್ದರೆ ದೋಷ ಟ್ಯಾಂಕಿನಲ್ಲಿಲ್ಲ. ಎರಡಕ್ಕೂ ಕರೆಂಟ್ ಕೊಡುವ ಫ್ಯೂಸ್, ಡ್ಯಾಶ್‌ಬೋರ್ಡಿನ ಅರ್ಥ್ ಅಥವಾ ಮೀಟರಿಗೆ ಸ್ಥಿರ ವೋಲ್ಟೇಜ್ ಕೊಡುವ ರೆಗ್ಯುಲೇಟರ್ ನೋಡಿ.

• ಮುಳ್ಳು ಯಾವಾಗಲೂ ಒಂದೇ ತುದಿಯಲ್ಲಿ, ಖಾಲಿಯಲ್ಲೋ ಫುಲ್‌ನಲ್ಲೋ ಅಂಟಿಕೊಂಡಿದ್ದರೆ ವಯರ್ ತುಂಡಾಗಿರಬಹುದು, ಬಾಡಿಗೆ ತಾಗಿರಬಹುದು ಅಥವಾ ಕಪ್ಲರ್ ಕಳಚಿರಬಹುದು.

• ಮುಳ್ಳು ನಡುವೆ ಎಲ್ಲೋ ಒಂದು ಕಡೆ ನಿಂತು ಅಲುಗದಿದ್ದರೆ ತೋಳು ಸಿಕ್ಕಿಕೊಂಡಿರಬಹುದು. ಬಹಳ ದಿನ ನಿಂತ ಗಾಡಿಯಲ್ಲಿ ತುಕ್ಕು, ಅಂಟು ಸೇರಿ ಹೀಗಾಗುತ್ತದೆ.

• ಒಂದು ನಿರ್ದಿಷ್ಟ ಮಟ್ಟದಲ್ಲಿ ಮಾತ್ರ ಮುಳ್ಳು ಬಿದ್ದು ಎದ್ದು ಮಾಡಿದರೆ ರೆಸಿಸ್ಟರ್‌ನ ಆ ಭಾಗ ಸವೆದಿದೆ.

• ಫುಲ್ ಟ್ಯಾಂಕ್ ಮಾಡಿಸಿದರೂ ಮುಳ್ಳು ಮುಕ್ಕಾಲು ದಾಟದೆ, ಕಡಿಮೆ ಇದ್ದಾಗಲೂ ಇನ್ನೂ ಕಡಿಮೆ ತೋರಿಸಿದರೆ ಎರಡು ಅನುಮಾನ: ಅರ್ಥ್ ತುಕ್ಕು ಹಿಡಿದಿದೆ, ಅಥವಾ ಫ್ಲೋಟ್ ತೂತಾಗಿ ಒಳಗೆ ಪೆಟ್ರೋಲ್ ಸೇರಿ ಅದು ಅರ್ಧ ಮುಳುಗಿದೆ.

• ಖಾಲಿಯಾದರೂ ಕಾಲು ಟ್ಯಾಂಕ್ ತೋರಿಸಿದರೆ ತೋಳು ಬಾಗಿರಬಹುದು, ಇಲ್ಲವೇ ಟ್ಯಾಂಕಿನ ತಳ ಕಲ್ಲಿಗೆ ತಾಗಿ ಮೇಲಕ್ಕೆ ನುಗ್ಗಿ ಫ್ಲೋಟ್ ಕೆಳಗೆ ಇಳಿಯದಂತೆ ತಡೆದಿರಬಹುದು. ಹೊಲದ ದಾರಿಯಲ್ಲಿ ಓಡುವ ಗಾಡಿಯಲ್ಲಿ ಇದನ್ನು ಮರೆಯಬೇಡಿ. ಬಗ್ಗಿ ಟ್ಯಾಂಕಿನ ತಳ ನೋಡಿ.

ಪರೀಕ್ಷೆ: ಅಗ್ಗದ್ದರಿಂದ ದುಬಾರಿಯ ಕಡೆಗೆ

ಬೇಕಾಗುವುದು ಕೆಲವು ನೂರು ರೂಪಾಯಿಗೆ ಸಿಗುವ ಮಲ್ಟಿಮೀಟರ್, 12 ವೋಲ್ಟಿನ ಒಂದು ಸಣ್ಣ ಬಲ್ಬ್, ಒಂದು ತುಂಡು ವಯರ್, ಮರಳು ಕಾಗದ. ಟ್ಯಾಂಕ್ ಬಿಚ್ಚುವ ಕೆಲಸ ಕೊನೆಯದು. ಬಹಳ ಸಲ ಅಲ್ಲಿಯವರೆಗೆ ಹೋಗಬೇಕಾಗುವುದೇ ಇಲ್ಲ.

ಮೊದಲ ಹಂತ, ಫ್ಯೂಸ್ ಮತ್ತು ಕಪ್ಲರ್. ಫ್ಯೂಸ್ ನೋಡಿ. ಟ್ಯಾಂಕಿನ ಹತ್ತಿರದ ಕಪ್ಲರ್ ಬಿಚ್ಚಿ, ಒಳಗೆ ಹಸಿರು ಕಿಲುಬು ಇದ್ದರೆ ಒರೆಸಿ ಮತ್ತೆ ಬಿಗಿಯಾಗಿ ಹಾಕಿ. ಕಾರುಗಳಲ್ಲಿ ಇದು ಹಿಂದಿನ ಸೀಟಿನ ಕೆಳಗೆ ಅಥವಾ ಟ್ಯಾಂಕಿನ ಪಕ್ಕ, ಬೈಕಿನಲ್ಲಿ ಟ್ಯಾಂಕಿನ ಕೆಳಗೆ ಇರುತ್ತದೆ.

ಎರಡನೆಯ ಹಂತ, ವಯರ್ ಬಿಚ್ಚಿ ನೋಡುವುದು. ಟ್ಯಾಂಕ್ ಯೂನಿಟ್‌ನಿಂದ ಮೀಟರಿಗೆ ಹೋಗುವ ವಯರ್ ಕಳಚಿ ಕೀ ಆನ್ ಮಾಡಿ. ಮುಳ್ಳು ಒಂದು ತುದಿಗೆ ಹೋಗಬೇಕು. ಈಗ ಅದೇ ವಯರನ್ನು ಆ ಸಣ್ಣ ಬಲ್ಬಿನ ಮೂಲಕ ಬಾಡಿಗೆ ಮುಟ್ಟಿಸಿ. ಮುಳ್ಳು ನಿಧಾನವಾಗಿ ಎದುರು ತುದಿಯ ಕಡೆಗೆ ಹೊರಡಬೇಕು. ಯಾವ ಸಲ ಖಾಲಿ, ಯಾವ ಸಲ ಫುಲ್ ಎಂಬುದು ಗಾಡಿಯ ಪದ್ಧತಿಯ ಮೇಲೆ ನಿಂತಿದೆ. ನಾವು ನೋಡಬೇಕಾದ್ದು ಮುಳ್ಳು ಎರಡೂ ಕಡೆ ಓಡಾಡಿತೇ ಎಂಬುದನ್ನು. ವಯರನ್ನು ಬಲ್ಬ್ ಇಲ್ಲದೆ ನೇರವಾಗಿ ಬಾಡಿಗೆ ಹಿಡಿದರೆ ಕೆಲವು ಹಳೆಯ ಮೀಟರುಗಳು ಸುಟ್ಟು ಹೋಗುತ್ತವೆ. ಈ ಪರೀಕ್ಷೆಯನ್ನು ಟ್ಯಾಂಕಿನ ಮುಚ್ಚಳ ಮುಚ್ಚಿ, ಪೆಟ್ರೋಲ್ ವಾಸನೆ ಇಲ್ಲದ ಕಡೆ, ಟ್ಯಾಂಕಿನ ಬಾಯಿಯಿಂದ ದೂರ ಮಾಡಿ.

ಮುಳ್ಳು ಎರಡೂ ಕಡೆ ಓಡಿದರೆ ಮೀಟರ್ ಮತ್ತು ವಯರ್ ಸರಿಯಾಗಿವೆ. ದೋಷ ಟ್ಯಾಂಕ್ ಯೂನಿಟ್‌ನಲ್ಲಿ ಅಥವಾ ಅದರ ಅರ್ಥ್‌ನಲ್ಲಿ. ಅಲುಗದಿದ್ದರೆ ದೋಷ ವಯರ್ ಅಥವಾ ಡ್ಯಾಶ್‌ಬೋರ್ಡ್ ಕಡೆ. ಈ ಒಂದೇ ಪರೀಕ್ಷೆ ಅರ್ಧ ಗಾಡಿಯನ್ನು ಅನುಮಾನದಿಂದ ಬಿಡಿಸುತ್ತದೆ.

ಡಿಜಿಟಲ್ ಮೀಟರ್ ಇರುವ, ಮುಳ್ಳನ್ನು ಕಂಪ್ಯೂಟರ್ ನಡೆಸುವ ಗಾಡಿಯಲ್ಲಿ ಈ ಪರೀಕ್ಷೆ ಮಾಡಬೇಡಿ. ಅದಕ್ಕೆ ಗ್ಯಾರೇಜಿನ ಸ್ಕ್ಯಾನರ್ ಬೇಕು.

ಮೂರನೆಯ ಹಂತ, ಅರ್ಥ್. ಟ್ಯಾಂಕ್ ಯೂನಿಟ್‌ನ ಅರ್ಥ್ ಬೋಲ್ಟ್ ಬಿಚ್ಚಿ, ಮರಳು ಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ ಮತ್ತೆ ಬಿಗಿ ಮಾಡಿ. ಇದು ಯಾಕೆ ಮುಖ್ಯ ಎಂದು ಲೆಕ್ಕದಲ್ಲಿ ನೋಡೋಣ. ಒಂದು ಗಾಡಿಯಲ್ಲಿ ಫುಲ್ ಅಂದರೆ 10 ಓಮ್, ಖಾಲಿ ಅಂದರೆ 100 ಓಮ್ ಎಂದುಕೊಳ್ಳಿ. ತುಕ್ಕು ಹಿಡಿದ ಅರ್ಥ್ ತನ್ನದೇ 30 ಓಮ್ ಸೇರಿಸಿದರೆ, ಫುಲ್ ಟ್ಯಾಂಕ್ ಇದ್ದರೂ ಮೀಟರಿಗೆ ಕಾಣುವುದು 40 ಓಮ್. ಪಾಪ, ಅದು "ಟ್ಯಾಂಕ್ ತುಂಬಿಲ್ಲ" ಎನ್ನುತ್ತದೆ. ಪೆಟ್ರೋಲ್ ಸರಿಯಾಗಿದೆ, ಪಂಪ್ ಸರಿಯಾಗಿದೆ, ಮೀಟರ್ ಸರಿಯಾಗಿದೆ. ಕೆಟ್ಟದ್ದು ಒಂದು ಬೋಲ್ಟ್.

ನಾಲ್ಕನೆಯ ಹಂತ, ಟ್ಯಾಂಕ್ ಯೂನಿಟ್‌ನ ತಡೆ. ಕೀ ಆಫ್ ಮಾಡಿ, ಕಪ್ಲರ್ ಬಿಚ್ಚಿ, ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಯೂನಿಟ್‌ನ ವಯರ್ ಮತ್ತು ಅರ್ಥ್ ನಡುವೆ ಅಳೆಯಿರಿ. ಬಂದ ಸಂಖ್ಯೆ ಬರೆದಿಟ್ಟುಕೊಂಡು, ಐದು ಲೀಟರ್ ಹಾಕಿಸಿ ಮತ್ತೆ ಅಳೆಯಿರಿ. ಸಂಖ್ಯೆ ಬದಲಾಗಿ ಮುಳ್ಳು ಬದಲಾಗದಿದ್ದರೆ ಮೀಟರ್ ಕಡೆ ನೋಡಿ. ಸಂಖ್ಯೆಯೇ ಬದಲಾಗದಿದ್ದರೆ ಯೂನಿಟ್ ಸಿಕ್ಕಿಕೊಂಡಿದೆ. ಸಂಖ್ಯೆಯೇ ಬರದಿದ್ದರೆ ಯೂನಿಟ್‌ನೊಳಗೆ ಎಲ್ಲೋ ತುಂಡಾಗಿದೆ.

ಐದನೆಯ ಹಂತ, ಯೂನಿಟ್ ಹೊರಗೆ ತೆಗೆಯುವುದು. ಇದು ಮೆಕ್ಯಾನಿಕ್ ಕೆಲಸ. ಆದರೆ ಅವರು ಏನು ನೋಡಬೇಕೆಂದು ನಿಮಗೂ ತಿಳಿದಿರಲಿ: ಫ್ಲೋಟ್ ಕಿವಿಯ ಹತ್ತಿರ ಅಲುಗಿಸಿದರೆ ಒಳಗೆ ಪೆಟ್ರೋಲ್ ಸದ್ದು ಬರುತ್ತದೆಯೇ? ತೋಳನ್ನು ಕೈಯಿಂದ ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಎತ್ತಿದಾಗ ಓಮ್ ಸಂಖ್ಯೆ ಮೆಲ್ಲನೆ ಬದಲಾಗುತ್ತದೆಯೇ, ನಡುವೆ ಎಲ್ಲಾದರೂ ಹಾರುತ್ತದೆಯೇ? ಹಾರಿದರೆ ಯೂನಿಟ್ ಬದಲಿಸಬೇಕು. ಮತ್ತೆ ಕೂರಿಸುವಾಗ ಹೊಸ ರಬ್ಬರ್ ವಾಷರ್ ಹಾಕಿಸಿ. ಹಳೆಯದರಿಂದ ಪೆಟ್ರೋಲ್ ಆವಿ ಸೋರಬಹುದು.

ಈ ಕೆಲಸಗಳಲ್ಲಿ ಜೀವ ಹೋಗುವುದು ಎಲ್ಲಿ?

ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಿದು ಹೋಗಿ, ದೂರದಲ್ಲಿರುವ ಒಲೆಯ ಕಿಡಿಯಿಂದಲೂ ಹೊತ್ತಿಕೊಳ್ಳಬಹುದು. ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗಿನ ಚಳಿಯಲ್ಲೂ ಅದು ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ನಮ್ಮ ಬಿಸಿಲಿನಲ್ಲಿ ಹೇಳುವುದೇ ಬೇಡ. ಟ್ಯಾಂಕ್ ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿ, ಬಯಲಿನಲ್ಲಿ ಕೆಲಸ ಮಾಡಿಸಿ, ಹತ್ತಿರ ಯಾರೂ ಬೀಡಿ ಹಚ್ಚದಂತೆ ನೋಡಿಕೊಳ್ಳಿ. ಟ್ಯಾಂಕಿನಲ್ಲಿ ಎಷ್ಟಿದೆ ಎಂದು ಕಡ್ಡಿ ಗೀರಿ ಇಣುಕುವುದು ಆತ್ಮಹತ್ಯೆಗೆ ಸಮ. ಖಾಲಿ ಟ್ಯಾಂಕ್ ಸುರಕ್ಷಿತ ಎಂಬ ನಂಬಿಕೆ ಪೂರ್ತಿ ತಪ್ಪು. ಅದರೊಳಗೆ ಗಾಳಿ ಮತ್ತು ಆವಿ ಬೆರೆತಿರುವುದರಿಂದ ಅಪಾಯ ಇನ್ನೂ ಹೆಚ್ಚು.

ಇನ್ನೊಂದು ರೂಢಿ, ಪೈಪ್ ಹಾಕಿ ಬಾಯಿಂದ ಎಳೆದು ಪೆಟ್ರೋಲ್ ತೆಗೆಯುವುದು. ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೂ ತೀವ್ರ ನ್ಯುಮೋನಿಯಾ ಆಗಿ ಜೀವಕ್ಕೆ ಕುತ್ತು ಬರಬಹುದು. ಯಾರಾದರೂ ನುಂಗಿದ್ದರೆ ವಾಂತಿ ಮಾಡಿಸಬೇಡಿ. ವಾಂತಿಯಾಗುವಾಗ ಅದು ಶ್ವಾಸಕೋಶಕ್ಕೆ ಹೋಗುವ ಸಾಧ್ಯತೆ ಹೆಚ್ಚು. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಪೆಟ್ರೋಲ್ ತೆಗೆಯಲು ಕೈಯಿಂದ ಒತ್ತುವ ಪಂಪ್ ಅಂಗಡಿಗಳಲ್ಲಿ ಸಿಗುತ್ತದೆ.

ನೆರೆಯಲ್ಲಿ ನಿಂತಿದ್ದ ಗಾಡಿಯಾದರೆ

2005, 2019 ಮತ್ತು 2021ರಲ್ಲಿ ಕೃಷ್ಣಾ ತೀರದ ಹಳ್ಳಿಗಳು ದೊಡ್ಡ ನೆರೆ ಕಂಡವು. ನೀರಿನಲ್ಲಿ ನಿಂತು ಆಮೇಲೆ ರಿಪೇರಿಯಾದ ಗಾಡಿಗಳು ಸೆಕೆಂಡ್‌ಹ್ಯಾಂಡ್ ಮಾರಾಟಕ್ಕೂ ಬರುತ್ತವೆ. ಅಂಥ ಗಾಡಿಯ ಕಪ್ಲರ್ ಮತ್ತು ಅರ್ಥ್‌ಗಳಲ್ಲಿ ಕಿಲುಬು ಹಿಡಿಯುವುದು ಸಹಜ. ಹೊರಗಿನಿಂದ ತೊಳೆದು ಬಣ್ಣ ಹೊಡೆದರೂ ಕಪ್ಲರಿನ ಒಳಗೆ ಅದು ಉಳಿದಿರುತ್ತದೆ.

ಟ್ಯಾಂಕಿಗೆ ನೀರು ಸೇರಿದ್ದರೆ ಮೀಟರ್ ಇನ್ನೊಂದು ಬಗೆಯಲ್ಲಿ ಮೋಸ ಮಾಡುತ್ತದೆ. ನೀರು ಪೆಟ್ರೋಲಿಗಿಂತ ಭಾರ, ಕೆಳಗೆ ಕೂರುತ್ತದೆ. ಫ್ಲೋಟ್‌ಗೆ ಅಡಿಯಲ್ಲಿರುವುದು ನೀರೋ ಪೆಟ್ರೋಲೋ ಗೊತ್ತಾಗುವುದಿಲ್ಲ. ಮುಳ್ಳು ಅರ್ಧ ಟ್ಯಾಂಕ್ ತೋರಿಸುತ್ತದೆ, ಗಾಡಿ ಸ್ಟಾರ್ಟ್ ಆಗುವುದಿಲ್ಲ. ಇಂದಿನ ಎಥೆನಾಲ್ ಬೆರೆತ ಪೆಟ್ರೋಲಿನಲ್ಲಿ ನೀರು ಮಿತಿ ಮೀರಿದರೆ ಎಥೆನಾಲ್ ಕೂಡ ನೀರಿನೊಂದಿಗೆ ಸೇರಿ ಕೆಳಗಿಳಿಯುತ್ತದೆ. ಅನುಮಾನ ಇದ್ದರೆ ಟ್ಯಾಂಕ್ ಪೂರ್ತಿ ಇಳಿಸಿ ತೊಳೆಸುವುದೇ ದಾರಿ. ಮೇಲೆ ಹೊಸ ಪೆಟ್ರೋಲ್ ಹಾಕುವುದರಿಂದ ಪರಿಹಾರ ಆಗುವುದಿಲ್ಲ.

ಫಾರ್ವರ್ಡ್‌ಗಳು: ಯಾವುದು ನಿಜ, ಯಾವುದು ಸುಳ್ಳು?

"ಎಥೆನಾಲ್ ಪೆಟ್ರೋಲಿನಿಂದ ಮುಳ್ಳು ತಪ್ಪು ತೋರಿಸುತ್ತದೆ." ಹೆಚ್ಚಿನಂಶ ತಪ್ಪು. ನಮ್ಮ ಕಬ್ಬಿನ ಸೀಮೆಗೆ ಎಥೆನಾಲ್ ಪರಿಚಿತವೇ. ಅದರ ಸಾಂದ್ರತೆ ಪೆಟ್ರೋಲಿಗಿಂತ ಸ್ವಲ್ಪವೇ ಹೆಚ್ಚು; ಅದರಿಂದ ಫ್ಲೋಟ್ ತೇಲುವ ಎತ್ತರದಲ್ಲಿ ಆಗುವ ವ್ಯತ್ಯಾಸ ಕಣ್ಣಿಗೆ ಕಾಣದಷ್ಟು. ಆದರೆ ಇ20 ಪೆಟ್ರೋಲಿಗೆಂದು ತಯಾರಾಗದ ಹಳೆಯ ಗಾಡಿಯಲ್ಲಿ ರಬ್ಬರ್ ಮತ್ತು ಪ್ಲಾಸ್ಟಿಕ್ ಭಾಗಗಳಿಗೆ ತೊಂದರೆ ಆಗಬಹುದು ಎಂಬುದು ನಿಜ. ಮೈಲೇಜ್ ಸ್ವಲ್ಪ ಇಳಿಯುವುದೂ ನಿಜ: ಬರಿಯ ಪೆಟ್ರೋಲಿಗೆ ವಿನ್ಯಾಸವಾಗಿ ಇ10ಕ್ಕೆ ಹೊಂದಿಸಿದ ನಾಲ್ಕು ಚಕ್ರದ ಗಾಡಿಗಳಲ್ಲಿ ಇ20ರಿಂದ ಶೇ. 6–7ರಷ್ಟು ಇಳಿಕೆಯಾಗಬಹುದು ಎಂದು 2021ರ ನೀತಿ ಆಯೋಗದ ಎಥೆನಾಲ್ ವರದಿ ಅಂದಾಜಿಸಿತ್ತು. ಅಂದರೆ ಮುಳ್ಳು ಮೊದಲಿಗಿಂತ ಕೊಂಚ ಬೇಗ ಇಳಿದರೆ ಅದು ಮೀಟರಿನ ಸುಳ್ಳೇ ಆಗಬೇಕಿಲ್ಲ.

"ಪೆಟ್ರೋಲಿನ ಗುಣಮಟ್ಟದಿಂದ ಮೀಟರ್ ಕೆಡುವುದೇ ಇಲ್ಲ." ಇದೂ ಪೂರ್ತಿ ಸರಿಯಲ್ಲ. 2004ರ ಮೇ ತಿಂಗಳಲ್ಲಿ ಅಮೆರಿಕದ ಫ್ಲಾರಿಡಾ ಮುಂತಾದ ಕಡೆ ಗಂಧಕದ ಅಂಶ ಹೆಚ್ಚಾದ ಪೆಟ್ರೋಲ್ ಟ್ಯಾಂಕ್ ಯೂನಿಟ್‌ಗಳನ್ನು ಕೆಡಿಸುತ್ತದೆ ಎಂದು ಮಾರಾಟ ನಿಲ್ಲಿಸಬೇಕಾಯಿತು. ಹೀಗೆ ಆಗುವುದುಂಟು, ಆದರೆ ಅಪರೂಪ. ಆಗ ಒಂದು ಗಾಡಿಯಲ್ಲ, ಅದೇ ಪೆಟ್ರೋಲ್ ಹಾಕಿಸಿದ ಬಹಳ ಗಾಡಿಗಳು ಒಟ್ಟಿಗೆ ಕೆಡುತ್ತವೆ.

"28 ಲೀಟರಿನ ಟ್ಯಾಂಕಿಗೆ 30 ಲೀಟರ್ ಹಾಕಿದ್ದಾರೆ, ಮೋಸ." ಇದೊಂದೇ ಸಾಕ್ಷಿ ಆಗುವುದಿಲ್ಲ. ಕಂಪನಿ ಹೇಳುವ ಅಳತೆಯಲ್ಲಿ ಪೆಟ್ರೋಲ್ ಹಿಗ್ಗಲು ಬಿಟ್ಟ ಜಾಗ, ಟ್ಯಾಂಕಿನ ಕತ್ತಿನ ಪೈಪ್ ಸೇರಿರುವುದಿಲ್ಲ. ಬಾಯಿವರೆಗೆ ತುಂಬಿಸಿದರೆ ಹೆಚ್ಚು ಹಿಡಿಯುತ್ತದೆ. ಹಾಗೆ ತುಂಬಿಸುವುದು ಒಳ್ಳೆಯದಲ್ಲ. ಗನ್ ತಾನಾಗಿ ನಿಂತಾಗ ನಿಲ್ಲಿಸಿ.

"ಬೆಳಗಿನ ಜಾವ ಹಾಕಿಸಿದರೆ ಹೆಚ್ಚು ಪೆಟ್ರೋಲ್ ಸಿಗುತ್ತದೆ, ಮುಳ್ಳು ಹೆಚ್ಚು ಏರುತ್ತದೆ." ಲಾಭ ಇಲ್ಲ. 10 ಲೀಟರ್ ಪೆಟ್ರೋಲ್ 10 ಡಿಗ್ರಿ ಬಿಸಿಯಾದರೂ ಹಿಗ್ಗುವುದು ಸುಮಾರು 100 ಮಿಲಿ ಮಾತ್ರ. ಅದೂ ಅಲ್ಲದೆ ಪಂಪಿನ ಟ್ಯಾಂಕ್ ನೆಲದ ಕೆಳಗೆ ಇರುತ್ತದೆ. ಬೆಳಿಗ್ಗೆ, ಮಧ್ಯಾಹ್ನ ಅಲ್ಲಿನ ಉಷ್ಣಾಂಶ ಹೆಚ್ಚು ಬದಲಾಗುವುದಿಲ್ಲ.

ನಿಜವಾಗಿಯೂ ಪಂಪಿನ ಮೇಲೆ ಅನುಮಾನ ಇದ್ದರೆ?

ಪಂಪಿನಲ್ಲಿ ಮೋಸ ನಡೆಯುವುದೇ ಇಲ್ಲ ಎಂದು ನಾವು ಹೇಳುತ್ತಿಲ್ಲ. 2017ರಲ್ಲಿ ಉತ್ತರ ಪ್ರದೇಶದ ಲಖನೌದಲ್ಲಿ ಪೊಲೀಸರು ದಾಳಿ ಮಾಡಿದಾಗ ಕಡಿಮೆ ಪೆಟ್ರೋಲ್ ಬರುವಂತೆ ಯಂತ್ರದಲ್ಲಿ ಚಿಪ್ ಕೂರಿಸಿದ್ದು ಸಿಕ್ಕಿತ್ತು. ಆದರೆ ಅದನ್ನು ಸಾಬೀತು ಮಾಡುವ ದಾರಿ ನಿಮ್ಮ ಡ್ಯಾಶ್‌ಬೋರ್ಡಿನಲ್ಲಿಲ್ಲ, ಪಂಪಿನಲ್ಲೇ ಇದೆ.

ಪ್ರತಿ ಪಂಪಿನಲ್ಲೂ ಕಾನೂನು ಮಾಪನಶಾಸ್ತ್ರ ಇಲಾಖೆ ಮುದ್ರೆ ಹಾಕಿದ 5 ಲೀಟರಿನ ಅಳತೆ ಪಾತ್ರೆ ಇರಬೇಕು. ಅದರಲ್ಲಿ ಅಳೆದು ತೋರಿಸಿ ಎಂದು ಗ್ರಾಹಕರು ಕೇಳಬಹುದು. 5 ಲೀಟರಿಗೆ 25 ಮಿಲಿಯವರೆಗಿನ ವ್ಯತ್ಯಾಸಕ್ಕೆ ಅವಕಾಶ ಇದೆ. ಅದಕ್ಕಿಂತ ಕಡಿಮೆ ಬಂದರೆ ದೂರು ಕೊಡಿ. ಅಳತೆ ತೋರಿಸಲು ಒಪ್ಪದಿದ್ದರೂ ದೂರು ಕೊಡಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಂಖ್ಯೆ 1915. ಬಿಲ್ ತೆಗೆದುಕೊಳ್ಳಿ, ಯಂತ್ರದಲ್ಲಿ ಸೊನ್ನೆ ನೋಡಿ. ಮೀಟರಿನ ಫೋಟೊಕ್ಕಿಂತ ಆ ಬಿಲ್ಲಿಗೇ ಬೆಲೆ ಹೆಚ್ಚು.

ಮೀಟರ್ ಸರಿಯಾಗುವವರೆಗೆ ಏನು ಮಾಡಬೇಕು?

ಹಿಂದಿನ ಸ್ಕೂಟರ್, ಬೈಕುಗಳಲ್ಲಿ ಮೀಟರೇ ಇರುತ್ತಿರಲಿಲ್ಲ. ರಿಸರ್ವ್‌ಗೆ ತಿರುಗಿಸಿದಾಗಲೇ ಪೆಟ್ರೋಲ್ ಮುಗಿಯಿತು ಎಂದು ಗೊತ್ತಾಗುತ್ತಿತ್ತು. ಆಗಿನವರು ಕಿಲೋಮೀಟರ್ ಲೆಕ್ಕ ಇಡುತ್ತಿದ್ದರು. ಅದೇ ಈಗಲೂ ಅತ್ಯಂತ ನಂಬಿಕಸ್ತ ವಿಧಾನ.

ಗನ್ ತಾನಾಗಿ ನಿಲ್ಲುವವರೆಗೆ ಟ್ಯಾಂಕ್ ತುಂಬಿಸಿ, ಕಿಲೋಮೀಟರ್ ಬರೆದಿಟ್ಟುಕೊಳ್ಳಿ. ಕೆಲವು ದಿನ ಓಡಿಸಿ ಮತ್ತೆ ಹಾಗೆಯೇ ತುಂಬಿಸಿ. 240 ಕಿ.ಮೀ. ಓಡಿ 15 ಲೀಟರ್ ಹಿಡಿದರೆ ಲೀಟರಿಗೆ 16 ಕಿ.ಮೀ. ನಿಮ್ಮ ಟ್ಯಾಂಕ್ 28 ಲೀಟರ್ ಆಗಿದ್ದರೆ 5 ಲೀಟರ್ ಬದಿಗಿಟ್ಟು ಉಳಿದ 23 ಲೀಟರ್ ಲೆಕ್ಕ ಹಾಕಿ: 368 ಕಿ.ಮೀ. ಅಂದರೆ 350 ಆಗುವಷ್ಟರಲ್ಲಿ ಪಂಪಿಗೆ ಹೋಗಬೇಕು, ಮುಳ್ಳು ಏನೇ ಹೇಳಲಿ. ಸ್ಪೀಡೋಮೀಟರಿನ ಕೇಬಲ್ಲೇ ತುಂಡಾಗಿದ್ದರೆ ಮೊಬೈಲ್ ಮ್ಯಾಪಿನಲ್ಲಿ ದೂರ ನೋಡಿ ಬರೆದಿಡಿ.

ಜೊತೆಗೆ ನಿಮ್ಮ ಮೀಟರಿನ ಸ್ವಭಾವ ತಿಳಿದುಕೊಳ್ಳಿ. ಟ್ಯಾಂಕ್ ಬಹಳ ಕಡಿಮೆ ಇದ್ದಾಗ ಐದೈದು ಲೀಟರ್ ಹಾಕಿಸುತ್ತಾ, ಪ್ರತಿ ಸಲವೂ ಗಾಡಿಯನ್ನು ಸಮತಟ್ಟು ಜಾಗದಲ್ಲಿ ಎರಡು ನಿಮಿಷ ನಿಲ್ಲಿಸಿ, ಮುಳ್ಳಿನ ಫೋಟೊ ತೆಗೆಯಿರಿ. ಮುಳ್ಳು ಪ್ರತಿ ಸಲ ಒಂದೇ ರೀತಿ ತಪ್ಪು ತೋರಿಸಿದರೆ ಆ ಫೋಟೊಗಳೇ ನಿಮ್ಮ ಹೊಸ ಮೀಟರ್. ಪ್ರತಿ ಸಲ ಬೇರೆ ಬೇರೆ ತೋರಿಸಿದರೆ ಮೆಕ್ಯಾನಿಕ್ ಹತ್ತಿರ ಹೋಗಿ, ಆ ಫೋಟೊಗಳನ್ನೇ ತೋರಿಸಿ.

ಡೀಸೆಲ್ ಗಾಡಿ, ಟ್ರ್ಯಾಕ್ಟರ್ ಇದ್ದವರು ಪೂರ್ತಿ ಖಾಲಿಯಾಗಲು ಬಿಡಲೇಬೇಡಿ. ಪೈಪಿಗೆ ಗಾಳಿ ಹೊಕ್ಕರೆ ಡೀಸೆಲ್ ಹಾಕಿದರೂ ಗಾಡಿ ಸ್ಟಾರ್ಟ್ ಆಗದೆ, ಗಾಳಿ ತೆಗೆಯುವ ಕೆಲಸ ಬೀಳುತ್ತದೆ. ಟ್ಯಾಂಕಿನೊಳಗೆ ಕರೆಂಟ್ ಪಂಪ್ ಇರುವ ಪೆಟ್ರೋಲ್ ಗಾಡಿಗಳಲ್ಲಿ ಆ ಪಂಪ್ ತಣ್ಣಗಿರುವುದು ಪೆಟ್ರೋಲಿನಿಂದಲೇ. ಪದೇ ಪದೇ ಖಾಲಿ ಓಡಿಸಿದರೆ ಅದು ಬೇಗ ಸುಡುತ್ತದೆ.

ಹಂಚಿಕೊಳ್ಳುವುದಾದರೆ ಇದನ್ನು ಹಂಚಿ

"ಫ್ಯುಯೆಲ್ ಮೀಟರ್ ಲೀಟರ್ ಅಳೆಯುವುದಿಲ್ಲ. ಮುಳ್ಳು ಏರದಿದ್ದರೆ ಮೊದಲು ಫ್ಯೂಸ್, ಕಪ್ಲರ್, ಅರ್ಥ್ ನೋಡಿ, ಆಮೇಲೆ ಟ್ಯಾಂಕ್ ಯೂನಿಟ್. ಪಂಪಿನ ಮೇಲೆ ಅನುಮಾನ ಇದ್ದರೆ 5 ಲೀಟರ್ ಅಳತೆ ಕೇಳಿ, 1915ಕ್ಕೆ ಕರೆ ಮಾಡಿ. ಬಾಯಿಂದ ಪೆಟ್ರೋಲ್ ಎಳೆಯಬೇಡಿ. ಮೀಟರ್ ಕೆಟ್ಟಿದ್ದರೆ ಕಿಲೋಮೀಟರ್ ಲೆಕ್ಕ ಇಡಿ."